ಅಮೂಲ್ಯಕ್ಕೆ ಇಂಗ್ಲಿಷಿನಲ್ಲಿ ಏನು?

ಭಾಂಡುಪಿನ ನಮ್ಮ ಚಾಳಿನಲ್ಲಿ ಕೋಣೆಗೂ ಕೋಣೆಗೂ ನಡುವೆ ಇದ್ದದ್ದು ಗೋಡೆಯಲ್ಲ, ಹಲಗೆ. ಈಚೆಯವರು ಉಪ್ಪು ಮುಗಿಯಿತು ಎಂದರೆ ಆಚೆಯವರು ಡಬ್ಬಿ ತೆಗೆಯುತ್ತಿದ್ದರು. ಹಾಗಾಗಿ ಪಕ್ಕದ ಮೋನಪ್ಪನ ಇಂಗ್ಲಿಷ್ ಪಾಠ ನಾನು ಬೇಡವೆಂದರೂ ನನ್ನನ್ನು ಬಿಡುತ್ತಿರಲಿಲ್ಲ. ನಾನು ಧಾರವಾಡದ ಕಡೆಯವಳು, ಹೆಸರು ದಾನವ್ವ, ಓದಿದ್ದು ಕನ್ನಡ ನಾಲ್ಕನೆಯ ಇಯತ್ತೆ. ನನ್ನ ಗಂಡ ಶಂಕ್ರೆಪ್ಪ ಕಾರಖಾನೆಯಿಂದ ಬಂದು, ಉಂಡು, ಗೊರಕೆ ಹೊಡೆಯುವ ಪೈಕಿ. ಸಂಜೆಯ ಹೊತ್ತು ನನಗಿದ್ದ ನಾಟಕ ಸಿನಿಮಾ ಎಲ್ಲವೂ ಹಲಗೆಯ ಆಚೆಯ ಆ ಸಂಸಾರವೇ.

ಮೋನಪ್ಪ ಉಡುಪಿಯ ಕಡೆಯವನು. ಫೋರ್ಟಿನ ಹೋಟೆಲಿನಲ್ಲಿ ಕಪ್ಪುಬಸಿ ತೊಳೆಯುತ್ತ, ರಾತ್ರಿಶಾಲೆಯಲ್ಲಿ ಮ್ಯಾಟ್ರಿಕ್ ಮಾಡಿಕೊಂಡು, ಒಂದು ಕಂಪನಿಯಲ್ಲಿ ಟಪಾಲು ಕಳಿಸುವ ಕ್ಲಾರ್ಕ್ ಆಗಿದ್ದ. ಅಲ್ಲಿಗೆ ನಿಲ್ಲಿಸಿದ್ದರೆ ಸಾಕಿತ್ತು. ಸಣ್ಣ ಶಬ್ದ ಆಡುವವನು ಸಾಯುವ ತನಕ ಸಣ್ಣ ಕುರ್ಚಿಯಲ್ಲೇ ಕೂರುತ್ತಾನೆ ಎಂದು ಅವನ ಆಫೀಸಿನ ಹೆಡ್ ಕ್ಲಾರ್ಕ್ ಹೇಳಿದನಂತೆ. ಆ ಹೆಡ್ ಕ್ಲಾರ್ಕನ ನಾಲಿಗೆಗೆ ಹುಳ ಬೀಳಲಿ. ಅಂದಿನಿಂದ ಮೋನಪ್ಪನಿಗೆ ದೊಡ್ಡ ಶಬ್ದಗಳ ಹುಚ್ಚು ಹತ್ತಿತು. ಫೌಂಟನ್ನಿನ ಫುಟ್‌ಪಾತಿನಿಂದ ಕಠಿಣ ಶಬ್ದಗಳ ಒಂದು ಹಳೆಯ ಪುಸ್ತಕ ತಂದ. ಅದಕ್ಕೆ ರಟ್ಟು ಇರಲಿಲ್ಲ, ಯು ಅಕ್ಷರದ ಮುಂದಿನ ಹಾಳೆಗಳೂ ಇರಲಿಲ್ಲ.

ಶಿಷ್ಯೆ ಅವನ ಹೆಂಡತಿ ಸೇವಂತಿ. ಬೆಳ್ಳಗೆ, ತೆಳ್ಳಗೆ, ಮಾತಿಗೆ ಮೊದಲೇ ನಗುವ ಹುಡುಗಿ. ಗಂಡ ಹೆಂಡತಿ ತಮ್ಮತಮ್ಮಲ್ಲಿ ತುಳು ಆಡುತ್ತಿದ್ದರು. ಪಾಠ ಮಾತ್ರ ಕನ್ನಡದಲ್ಲಿ ನಡೆಯುತ್ತಿತ್ತು, ಏಕೆಂದರೆ ಅವನಿಗೆ ಬೇಕಾದ ಭಾರಿ ಅರ್ಥಗಳು ಕನ್ನಡದಲ್ಲೇ ಸಿಗುತ್ತಿದ್ದವು.

"ನೋಡು, ಲೆಸ್ ಅಂದ್ರೆ ನಮ್ಮ ‘ಅ’ ಇದ್ದ ಹಾಗೆ. ಎಂಡ್ ಅಂದ್ರೆ ಅಂತ್ಯ. ಎಂಡ್‌ಲೆಸ್ ಅಂದ್ರೆ ಅನಂತ. ಕೌಂಟ್‌ಲೆಸ್ ಅಂದ್ರೆ ಅಸಂಖ್ಯ. ಮ್ಯಾಚ್‌ಲೆಸ್ ಅಂದ್ರೆ ಅಸಮಾನ. ಇಷ್ಟು ಗೊತ್ತಾದ್ರೆ ಸಾಕು, ಪುಸ್ತಕದಲ್ಲಿ ಇಲ್ಲದ್ದನ್ನೂ ನಾವೇ ಮಾಡಬಹುದು."

"ಹಾಗಾದ್ರೆ ಅಮೂಲ್ಯಕ್ಕೆ?" ಎಂದಳು ಸೇವಂತಿ.

ಅವನು ಸ್ವಲ್ಪ ಯೋಚಿಸಿದ. "ಮೂಲ್ಯ ಅಂದ್ರೆ ವ್ಯಾಲ್ಯೂ. ಅಮೂಲ್ಯ ಅಂದ್ರೆ ವ್ಯಾಲ್ಯೂಲೆಸ್. ಈಗ ನೀನು ನನಗೆ ವ್ಯಾಲ್ಯೂಲೆಸ್."

ಆಚೆ ಕಡೆ ಬಳೆ ಸದ್ದಾಯಿತು. ನಾನು ಈಚೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕೆ. ಮರುದಿನ ನಲ್ಲಿಯ ಹತ್ತಿರ ಸೇವಂತಿ ನನ್ನ ಕಿವಿಯಲ್ಲಿ, "ಅಕ್ಕ, ನಾನು ವ್ಯಾಲ್ಯೂಲೆಸ್ ಅಂತೆ ಇವರಿಗೆ" ಎಂದು ಕೆಂಪಾದಳು. ಅವನು ಕಲಿಸಿದ ನೂರಾರು ಶಬ್ದಗಳಲ್ಲಿ ಅವಳ ತಲೆಯಲ್ಲಿ ನಿಂತದ್ದು ಅದೊಂದೇ.

ಮಳೆಗಾಲ ಕಳೆಯುವಷ್ಟರಲ್ಲಿ ಅವಳಿಗೆ ಕೆಮ್ಮು ಹತ್ತಿತು. ಮೊದಲು ಶುಂಠಿ, ಆಮೇಲೆ ಕಷಾಯ, ಆಮೇಲೆ ಡಾಕ್ಟರು. ಕ್ಷಯ ಎಂದರು. ಈ ಹಲಗೆಯ ಗೂಡಿನಲ್ಲಿ, ಈ ಹೊಗೆಯಲ್ಲಿ ಔಷಧ ಒಂದೇ ಸಾಲದು, ಘಾಟಿನ ಮೇಲಿನ ಸ್ಯಾನಟೋರಿಯಮ್ಮಿಗೆ ಕಳಿಸಿದರೆ ಬದುಕುತ್ತಾಳೆ ಎಂದರು. ಅಲ್ಲಿ ಕಾಸಿಲ್ಲದವರಿಗೆ ಜಾಗ ಸಿಗಬೇಕಾದರೆ ಒಬ್ಬ ಶೇಠರ ಟ್ರಸ್ಟಿನವರು ಹೂಂ ಎನ್ನಬೇಕು. ಆಗ ಖಾಲಿ ಇದ್ದದ್ದು ಒಂದೇ ಹಾಸಿಗೆ.

ಟ್ರಸ್ಟಿನವರು ಕರೆದ ದಿನ ನಾನೂ ಜೊತೆಗೆ ಹೋದೆ. ಸೇವಂತಿಗೆ ಸ್ಟೇಷನ್ನಿನ ಮೆಟ್ಟಿಲು ಹತ್ತಲು ಒಂದು ಕೈ ಬೇಕಿತ್ತು. ಲೋಕಲ್ಲಿನಲ್ಲಿ ಮೋನಪ್ಪ ಕಿಟಕಿಯ ಕಡೆ ಮುಖ ಮಾಡಿ ಶಬ್ದಗಳನ್ನು ಉರು ಹೊಡೆಯುತ್ತಿದ್ದ, ತುಟಿ ಮಾತ್ರ ಅಲ್ಲಾಡುತ್ತಿತ್ತು.

ಟ್ರಸ್ಟಿನ ಬಾಗಿಲಲ್ಲಿದ್ದ ಮರಾಠಿ ಕಾರಕೂನ ಒಳ್ಳೆಯ ಮನುಷ್ಯ. ಸೇವಂತಿಯ ಮುಖ ನೋಡಿ ಮೋನಪ್ಪನನ್ನು ಪಕ್ಕಕ್ಕೆ ಕರೆದ. "ಮರಾಠೀತ್ ಬೋಲಾ. ಶೇಠ್‌ನಾ ಮರಾಠಿ ಸಮಜ್ತೆ" ಎಂದ, ಮರಾಠಿಯಲ್ಲೇ ಮಾತಾಡು, ಶೇಠರಿಗೆ ತಿಳಿಯುತ್ತದೆ ಎಂದು.

ನಾನೂ ಹೇಳಿದೆ. "ತಮ್ಮಾ, ಅಂವ ಖರೇ ಹೇಳಾಕತ್ತಾನ. ಹೆಂಡತಿಗೆ ಆರಾಮಿಲ್ಲ, ಕೈ ಮುಗೀತೀನಿ ಅಂದ್ರ ಮುಗೀತು. ಬೇಕಾದ್ರ ನಾ ಮಾತಾಡ್ತೀನಿ."

"ದಾನಕ್ಕ, ನೀವು ಸುಮ್ಮನಿರಿ. ಕೈ ಮುಗಿಯುವವರು ಅಲ್ಲಿ ಸಾಲು ಸಾಲು ಉಂಟು. ನಾನು ಇಂಗ್ಲಿಷಿನಲ್ಲಿ ಮಾತಾಡಿದ್ರೆ ಅವರು ನನ್ನ ಮುಖ ನೋಡ್ತಾರೆ."

ಅವನ ಮಾತು ಪೂರಾ ಸುಳ್ಳೂ ಆಗಿರಲಿಲ್ಲ. ಒಳಗೆ ಮೇಜಿನ ಹಿಂದೆ ಕರಿ ಟೋಪಿ, ಕನ್ನಡಕದ ಮುದುಕ ಶೇಠರು, ಅವರ ಪಕ್ಕದಲ್ಲಿ ಒಬ್ಬ ಹೆಂಗಸು ಕುಳಿತಿದ್ದರು. ಮೋನಪ್ಪ ಇಂಗ್ಲಿಷಿನಲ್ಲಿ ಶುರು ಮಾಡಿದೊಡನೆ ಇಬ್ಬರೂ ತಲೆ ಎತ್ತಿದರು. ಎಂಡ್‌ಲೆಸ್ ಬಂತು. ಮ್ಯಾಚ್‌ಲೆಸ್ ಬಂತು. ಶೇಠರು ತಲೆದೂಗಿದರು. ಆಮೇಲೆ ನನಗೆ ಗೊತ್ತಿದ್ದ ಶಬ್ದವೇ ಬಂತು. ತಮ್ಮ ಟ್ರಸ್ಟಿನ ವ್ಯಾಲ್ಯೂಲೆಸ್ ಸಹಾಯ ಎಂದ. ತವರಿನವರು ಸಿಕ್ಕಷ್ಟು ಸಂತೋಷವಾಯಿತು ನನಗೆ. ಸೇವಂತಿ ನನ್ನ ಕೈ ಹಿಸುಕಿದಳು.

ಶೇಠರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ವಾಟ್ ಡಿಡ್ ಯು ಸೇ? ಅವರ್ ಹೆಲ್ಪ್ ಈಸ್ ವ್ಯಾಲ್ಯೂಲೆಸ್?"

"ಯೆಸ್ ಸರ್!" ಮೋನಪ್ಪ ಎದೆ ಸೆಟೆಸಿದ. "ಕಂಪ್ಲೀಟ್ಲಿ ವ್ಯಾಲ್ಯೂಲೆಸ್, ಸರ್!"

ಆ ಹೆಂಗಸು ಬಾಯಿಗೆ ಕರವಸ್ತ್ರ ಒತ್ತಿಕೊಂಡರು. ಆಕೆಗೂ ಕೆಮ್ಮೇನೋ ಎಂದುಕೊಂಡೆ ನಾನು, ದಡ್ಡಿ. ಶೇಠರ ಮುಖ ಮಾತ್ರ ನಗಲಿಲ್ಲ. "ದೆನ್ ವಿ ಶಲ್ ನಾಟ್ ಟ್ರಬಲ್ ಯು ವಿತ್ ಇಟ್" ಎಂದು ಗಂಟೆ ಒತ್ತಿದರು. ಮೋನಪ್ಪ ಬಾಗಿ ನಮಸ್ಕರಿಸಿ, ನಮ್ಮಿಬ್ಬರನ್ನೂ ಹೊರಗೆ ಕರೆತಂದ.

"ಎಂತ ಹೇಳಿದ್ರು?" ಸೇವಂತಿ ಕೇಳಿದಳು.

"ಇನ್ನು ನಿಮಗೆ ಟ್ರಬಲ್ ಇಲ್ಲ ಅಂದ್ರು. ಇನ್ನು ತೊಂದರೆ ಇಲ್ಲ ಸೇವಂತಿ!"

ದಾರಿಯುದ್ದಕ್ಕೂ ಅವನು ನೆಲದ ಮೇಲೆ ಇರಲಿಲ್ಲ. ಸೇವಂತಿ ಆ ಸಂಜೆಯೇ ಒಂದು ಚೀಲದಲ್ಲಿ ಎರಡು ಸೀರೆ, ಬಾಚಣಿಗೆ, ದೇವರ ಪಟ ತುಂಬಿದಳು. ಘಾಟಿನ ಮೇಲೆ ಚಳಿ ಎಂದು ನಾನು ನನ್ನ ಶಾಲು ಕೊಟ್ಟೆ. ಅವಳು ಅದನ್ನು ಎಲ್ಲಕ್ಕಿಂತ ಮೇಲೆ ಮಡಿಸಿಟ್ಟಳು.

ಕರೆ ಬರಲಿಲ್ಲ. ಒಂದು ವಾರ ಕಾದು ಮೋನಪ್ಪ ಟ್ರಸ್ಟಿಗೆ ಹೋದ. ತಿರುಗಿ ಬಂದವನು ಕೋಣೆಗೆ ಹೋಗದೆ ನಲ್ಲಿಯ ಕಟ್ಟೆಯ ಮೇಲೆ ಕೂತ. ನಾನು ಕೊಡ ಇಟ್ಟು ಹತ್ತಿರ ಹೋದೆ.

"ಯಾಕೋ ತಮ್ಮಾ, ಮಾರಿ ಹಿಂಗ್ಯಾಕ ಆಗೇತಿ?"

"ಹಾಸಿಗೆ ಬೇರೆಯವರಿಗೆ ಹೋಯ್ತು, ದಾನಕ್ಕ. ಅವತ್ತೇ ಹೋಯ್ತು. ವ್ಯಾಲ್ಯೂಲೆಸ್ ಅಂದ್ರೆ ಅಮೂಲ್ಯ ಅಲ್ಲವಂತೆ. ಕೆಲಸಕ್ಕೆ ಬಾರದ್ದು, ಕಸ ಅಂತೆ. ನಿಮ್ಮ ಸಹಾಯ ಕಸ ಅಂತ ನಾನು ಶೇಠರ ಎದುರು ಹೇಳಿದೆ. ಮತ್ತೊಮ್ಮೆ ಕೇಳಿದ್ರೆ, ಪೂರ್ತಿ ಕಸ ಅಂದೆ. ಆ ಕಾರಕೂನರು ಹೇಳಿದ್ರು."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಇಲ್ಲಿ ಒಂದು ಜೀವವೇ ಹೋಗುವುದರಲ್ಲಿತ್ತು.

"ಆಫೀಸಿನ ದೊಡ್ಡ ಡಿಕ್ಷನರಿಯಲ್ಲೂ ನೋಡಿದೆ. ಅಮೂಲ್ಯಕ್ಕೆ ಪ್ರೈಸ್‌ಲೆಸ್ ಅನ್ನಬೇಕಂತೆ. ಪ್ರೈಸ್ ಅಂದ್ರೂ ಬೆಲೆ, ವ್ಯಾಲ್ಯೂ ಅಂದ್ರೂ ಬೆಲೆ, ಅಲ್ವಾ ದಾನಕ್ಕ? ಅದಕ್ಕೆ ಲೆಸ್ ಹಾಕಿದ್ರೆ ಬಂಗಾರ, ಇದಕ್ಕೆ ಲೆಸ್ ಹಾಕಿದ್ರೆ ಕಸ. ಇದು ನಮಗೆ ಹೇಗೆ ಗೊತ್ತಾಗಬೇಕು?"

"ಭಾಷಾಕ್ಕ ಬೆಂಕಿ ಹಚ್ಚು! ಹೋಗಿ ಮರಾಠಿಯೊಳಗ ಕಾಲು ಹಿಡಿ!"

"ಹಿಡಿಯಲು ಹೋಗಿದ್ದೆ. ಶೇಠರು ಒಳಗೆ ಬಿಡಲಿಲ್ಲ. ಬಿಟ್ಟರೂ ಹಾಸಿಗೆ ಎಲ್ಲುಂಟು ಈಗ?" ಅವನು ನನ್ನ ಕಡೆ ನೋಡಿದ. "ಸೇವಂತಿಗೆ ಹೇಳಬೇಡಿ. ಆ ಶಬ್ದದ ಅರ್ಥ ಮಾತ್ರ ಅವಳಿಗೆ ಹೇಳಬೇಡಿ."

ಸರಿಯಾದ ಶಬ್ದ ಆಡಿದ್ದರೆ ಆ ಹಾಸಿಗೆ ಸಿಗುತ್ತಿತ್ತೇ? ದೇವರಿಗೇ ಗೊತ್ತು. ಅಲ್ಲಿ ಬೇರೆ ರೋಗಿಗಳೂ ಇದ್ದರು, ಅವರೂ ಯಾರದೋ ಹೆಂಡತಿ, ಯಾರದೋ ತಾಯಿ. ಆದರೆ ಒಂದು ಶಬ್ದಕ್ಕೆ ಸಿಟ್ಟಾಗಿ, ಎದುರಿಗೆ ಕೆಮ್ಮುತ್ತಿದ್ದ ಹುಡುಗಿಯ ಕಡೆ ಕಣ್ಣೆತ್ತಿಯೂ ನೋಡದ ಆ ಶೇಠರನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಜಾಗ ತುಂಬಿದೆಯಂತೆ, ಮುಂದಿನ ಸಲ ಕೊಡುತ್ತಾರಂತೆ ಎಂದು ಅವಳಿಗೆ ಹೇಳಿದೆವು. ಅವಳು ನಂಬಿದಳು, ಚೀಲ ಬಿಚ್ಚಲಿಲ್ಲ. ಮೋನಪ್ಪ ಪುಸ್ತಕವನ್ನು ರದ್ದಿಯವನಿಗೆ ಹಾಕಿದ. ಸಂಜೆ ಹಲಗೆಯ ಆಚೆ ಕೆಮ್ಮು ಬಿಟ್ಟರೆ ಸದ್ದಿರಲಿಲ್ಲ.

"ಇವತ್ತು ಶಬ್ದ ಇಲ್ವಾ?" ಅವಳು ಕೇಳುತ್ತಿದ್ದಳು.

"ಎಲ್ಲ ಮುಗೀತು" ಎನ್ನುತ್ತಿದ್ದ.

ಸಂಕ್ರಾಂತಿಯ ಹೊತ್ತಿಗೆ ಕೆಮ್ಮಿನಲ್ಲಿ ರಕ್ತ ಬಿತ್ತು. ಶಂಕ್ರೆಪ್ಪ ಟ್ಯಾಕ್ಸಿ ತಂದ. ಸರಕಾರಿ ಆಸ್ಪತ್ರೆಯ ದೊಡ್ಡ ವಾರ್ಡಿನಲ್ಲಿ, ಎರಡು ಮಂಚಗಳ ನಡುವೆ ನೆಲದ ಮೇಲೆ ಹಾಸಿಗೆ ಹಾಕಿಕೊಟ್ಟರು. ಅವಳು ಅದೇ ಚೀಲವನ್ನು ತಲೆದೆಸೆಯಲ್ಲಿ ಇಟ್ಟುಕೊಂಡಳು. ಮೋನಪ್ಪ ಆಫೀಸಿಗೆ ಹೋಗುವುದನ್ನೇ ಬಿಟ್ಟ. ಅವಳ ಬಾಯಿ ಒರೆಸುವುದು, ಬೋಗುಣಿ ತೊಳೆಯುವುದು, ಗಂಜಿ ಕುಡಿಸುವುದು ಎಲ್ಲ ಅವನೇ ಮಾಡಿದ.

ಒಂದು ಮಧ್ಯಾಹ್ನ ನಾನು ಅಲ್ಲಿದ್ದಾಗ ಮದ್ರಾಸಿನ ಕಡೆಯ ಲೇಡಿ ಡಾಕ್ಟರು ಬಂದರು. ನಾಡಿ ನೋಡಿದರು, ಚೀಟಿ ನೋಡಿದರು, ಏನೂ ಬರೆಯಲಿಲ್ಲ. ಅದನ್ನು ನೋಡಿದ ಮೋನಪ್ಪನಿಗೆ ಇನ್ನು ಔಷಧವಿಲ್ಲ ಎಂದು ಗೊತ್ತಾಯಿತು. ನನಗೂ ತಿಳಿಯಿತು. ಡಾಕ್ಟರು ಅವಳ ತಲೆ ಸವರಿ, ಅವನನ್ನು ತೋರಿಸಿ, ಗಂಡ ಚೆನ್ನಾಗಿ ನೋಡಿಕೊಳ್ಳುತ್ತಾರಾ ಎಂಬ ಹಾಗೆ ಇಂಗ್ಲಿಷಿನಲ್ಲಿ ಕೇಳಿದರು.

ಸೇವಂತಿಗೆ ಹಸ್ಬೆಂಡ್ ಎಂಬುದೊಂದು ಕಿವಿಗೆ ಬಿದ್ದಿರಬೇಕು. ಅವಳು ಮೊಣಕೈ ಊರಿ ಏಳಲು ನೋಡಿದಳು. ಉಸಿರು ಕೂಡಿಸಿಕೊಂಡು, ಒಂದೊಂದೇ ಅಕ್ಷರ ಜೋಡಿಸಿ ಹೇಳಿದಳು.

"ಮೈ ಹಸ್ಬೆಂಡ್... ವ್ಯಾಲ್ಯೂಲೆಸ್."

ಡಾಕ್ಟರ ಕೈ ನಿಂತಿತು. ಅವರು ಹುಬ್ಬು ಗಂಟಿಕ್ಕಿ ಮೋನಪ್ಪನ ಕಡೆ ತಿರುಗಿದರು. ಹಾಗಲ್ಲ, ತಪ್ಪು ಹೇಳಿದಳು ಎನ್ನುವಷ್ಟು ಇಂಗ್ಲಿಷು ಅವನಿಗೆ ಚೆನ್ನಾಗಿಯೇ ಗೊತ್ತಿತ್ತು. ಆದರೆ ಸೇವಂತಿ ಅವನನ್ನೇ ನೋಡುತ್ತಿದ್ದಳು, ಪರೀಕ್ಷೆ ಕೊಟ್ಟು ಮಾಸ್ತರ ಮುಖ ನೋಡುವ ಹಾಗೆ.

"ಯೆಸ್, ಡಾಕ್ಟರ್" ಎಂದ ಮೋನಪ್ಪ. "ಶಿ ಈಸ್ ಕರೆಕ್ಟ್."

ಡಾಕ್ಟರು ಮುಂದಿನ ಮಂಚಕ್ಕೆ ಹೋದರು. ಸೇವಂತಿ ದಿಂಬಿಗೆ ಒರಗಿ, ನನ್ನ ಕಡೆ ನೋಡಿ ನಕ್ಕಳು.

"ನೋಡಿದ್ರಾ ಅಕ್ಕ, ನಾನು ಹೇಳಿದ್ದು ಅವರಿಗೂ ಅರ್ಥ ಆಯ್ತು."