ಹೆಚ್ಚುಕಡಿಮೆ ಶುದ್ಧ

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕೆಂದು ಮೂರು ದಿನದಿಂದ ತಲೆ ಕೆರೆದುಕೊಳ್ಳುತ್ತಿದ್ದೇನೆ. "ಕೋಟ್ಯಂತರ ವರ್ಷಗಳ ಹಿಂದೆ, ಕಡಲ ತಳದ ಕೆಸರಿನಲ್ಲಿ..." ಎಂದು ಬರೆದು ಹೊಡೆದುಹಾಕಿದೆ. ಆ ಕಾಲದಲ್ಲಿ ಯಾರ ಬಾಯಲ್ಲಿ ಮಾತಾಡಿಸುವುದು?

ತಪ್ಪು ನನ್ನದಲ್ಲ, ಸಂಪಾದಕರದು. "ಸೂಕ್ಷ್ಮಜೀವಿಗಳ ಬಗ್ಗೆ ಏನೇನೋ ಹೊಸ ಸಂಶೋಧನೆ ಆಗ್ತಿದೆಯಂತಲ್ಲ, ಸ್ವಲ್ಪ ಕಥೆ ಥರ ಬರೆದುಕೊಡಿ" ಎಂದರು. ಸ್ವಲ್ಪ ಕಥೆ ಥರ! ಹನ್ನೆರಡು ಪ್ರಬಂಧ ಓದಿದೆ. ನಾಲ್ಕರ ಶೀರ್ಷಿಕೆ ಅರ್ಥವಾಯಿತು. ಉಳಿದದ್ದರಿಂದ ಹೆಕ್ಕಿದ್ದು ಇಷ್ಟು: ಸೂಕ್ಷ್ಮದರ್ಶಕದಲ್ಲಿ ಬ್ಯಾಕ್ಟೀರಿಯಾದಂತೆಯೇ ಕಾಣುವ, ಆದರೆ ಬ್ಯಾಕ್ಟೀರಿಯಾ ಅಲ್ಲದ ಒಂದು ಕುಲವಿದೆ. ಹೆಸರು ಆರ್ಕಿಯಾ. ಜೀನುಗಳನ್ನು ಓದುವ ಅವುಗಳ ಯಂತ್ರ ಬ್ಯಾಕ್ಟೀರಿಯಾದ್ದಕ್ಕಿಂತ ನಮ್ಮದನ್ನೇ ಹೆಚ್ಚು ಹೋಲುತ್ತದೆ. ಅವುಗಳಲ್ಲಿ ಕೆಲವು ನಮ್ಮ ಜೀವಕೋಶಗಳಿಗೆ ದೂರದ ನೆಂಟರು. ನೆಂಟರಾದ್ದರಿಂದಲೇ ಸಾಕುವುದು ಕಷ್ಟ.

೧ (ಮತ್ತೊಮ್ಮೆ, ಈ ಸಲ ಮನುಷ್ಯರಿಂದ)

ಆ ಪ್ರಯೋಗಾಲಯದಲ್ಲಿ ಅವಳನ್ನು ಎಲ್ಲರೂ 'ಬಾಟಲಿ ಅಕ್ಕ' ಎನ್ನುತ್ತಿದ್ದರು. (ಹೊರಗಿನವರೆದುರು ಹಾಗೆ ಕರೆಯಕೂಡದೆಂದು ಅವಳು ಆಣೆ ಹಾಕಿಸಿದ್ದಳು. ಒಮ್ಮೆ ಅಂಚೆಯವನು ಕೇಳಿಸಿಕೊಂಡು ಅವಳನ್ನು ಮೇಲಿಂದ ಕೆಳಗೆ ನೋಡಿದ್ದ.) ಕೆಲಸ ಟೆಕ್ನೀಷಿಯನ್, ವಯಸ್ಸು ಐವತ್ತಾರು, ನಿವೃತ್ತಿಗೆ ನಾಲ್ಕು ವರ್ಷ. ಪ್ರತಿ ವರ್ಷ ಅವಳ ಕಾಂಟ್ರಾಕ್ಟ್ ಮುಂದುವರಿಯಲು ಬೇಕಾದದ್ದು ಒಂದು ಸಹಿ. ಆ ಸಹಿ ಪ್ರಯೋಗಾಲಯದ ಮುಖ್ಯಸ್ಥರದು. ಅವರನ್ನು ದೊಡ್ಡವರು ಎನ್ನೋಣ. ಅವರಿಗೂ ಅದೇ ಇಷ್ಟ.

ಕಿಟಕಿಯಿಲ್ಲದ ಕೋಣೆಯಲ್ಲಿ, ಕಪಾಟಿನಂಥ ಇನ್‌ಕ್ಯುಬೇಟರಿನಲ್ಲಿ, ರಬ್ಬರ್ ಬಿರಡೆ ಹಾಕಿದ ಒಂದು ಗಾಜಿನ ಬಾಟಲಿಯನ್ನು ಅಕ್ಕ ಏಳು ವರ್ಷದಿಂದ ಸಾಕಿದ್ದಳು. ಒಳಗೆ ಕಡಲ ಕೆಸರಿನಿಂದ ಬಂದ ಆರ್ಕಿಯಾ. ಬ್ಯಾಕ್ಟೀರಿಯಾ ಇಪ್ಪತ್ತು ನಿಮಿಷದಲ್ಲಿ ಒಂದು ಎರಡಾಗುತ್ತದೆ. ಈ ಮಹಾನುಭಾವನಿಗೆ ಮೂರು ವಾರ ಬೇಕು. ಮೊದಲ ಎರಡು ವರ್ಷ ಅದು ಬದುಕಿದೆ ಎಂಬುದಕ್ಕೆ ಅಕ್ಕನ ಹಟ ಬಿಟ್ಟು ಬೇರೆ ಪುರಾವೆ ಇರಲಿಲ್ಲ. ಮೂರನೇ ವರ್ಷ ಬಾಟಲಿ ಎಳ್ಳಷ್ಟು ಮಬ್ಬಾಯಿತು. ಅವಳು ಅದನ್ನು ಬೆಳಕಿಗೆ ಹಿಡಿದು ಒಬ್ಬಳೇ ನಕ್ಕಳು.

ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಅಲ್ಲಿದ್ದದ್ದು ಒಂದಲ್ಲ, ಎರಡು. ಉದ್ದುದ್ದ ತೋಳು ಚಾಚಿದ ಗುಂಡನೆಯ ಆರ್ಕಿಯಾ, ಅದರ ತೋಳಿನಲ್ಲಿ ಸಿಕ್ಕಿಕೊಂಡ ಡೊಂಕು ಬ್ಯಾಕ್ಟೀರಿಯಾ. ಆರ್ಕಿಯಾ ಉಂಡು ಹೈಡ್ರೋಜನ್ ಬಿಡುತ್ತದೆ. ಅದು ಸುತ್ತ ತುಂಬಿಕೊಂಡರೆ ಆರ್ಕಿಯಾದ ಹೊಟ್ಟೆಪಾಡೇ ನಿಂತುಹೋಗುತ್ತದೆ. ಬ್ಯಾಕ್ಟೀರಿಯಾಕ್ಕೆ ಆ ಹೈಡ್ರೋಜನ್ನೇ ಊಟ. ಎರಡನ್ನೂ ಬೇರೆ ಮಾಡಲು ಹೋಗಿ ಇದರ ಒಡಹುಟ್ಟಿದ ಎರಡು ಬಾಟಲಿಗಳು ಸತ್ತವು. "ಇವು ಎರಡು ಜೀವ ಅಲ್ಲ ಸಾರ್, ಒಂದು ಸಂಸಾರ" ಎಂದಳು ಅಕ್ಕ. ದೊಡ್ಡವರು "ಹ್ಞೂಂ" ಎಂದರು. ಆಮೇಲೆ ಅವರು ಬರೆದ ಪ್ರಬಂಧದಲ್ಲಿ ಆ ಹ್ಞೂಂ ಕೂಡ ಬರಲಿಲ್ಲ.

೨

ಈಗ ವರದಿಗಾರ ಬರಬೇಕು. (ಅವನಿಗೆ ಒಂದು ಪ್ರೇಮಪ್ರಕರಣ ಕೊಡುವ ಯೋಚನೆಯಿತ್ತು. ಜಾಗ ಸಾಲದು.)

"ಸಾರ್, ಇದು ಪ್ಯೂರ್ ಕಲ್ಚರಾ?" ಎಂದು ಅವನು ಕೇಳಿದ. ಬಾಟಲಿಯಲ್ಲಿ ಒಂದೇ ಜಾತಿಯ ಜೀವಿ ಇದೆಯಾ ಎಂಬುದು ಅದರ ಅರ್ಥ. ಪಾಠಪುಸ್ತಕದ ಕನ್ನಡದಲ್ಲಿ ಶುದ್ಧ ಸಂವರ್ಧನೆ.

ದೊಡ್ಡವರು ಅಡ್ಡಗೋಡೆಯ ಮೇಲೆ ದೀಪ ಇಟ್ಟರು. "ಹೆಚ್ಚುಕಡಿಮೆ."

ವರದಿಗಾರ ನಿಘಂಟು ತೆರೆದು 'ಕಲ್ಚರ್'ಗೆ ಕಣ್ಣಿಗೆ ಬಿದ್ದ ಮೊದಲ ಅರ್ಥ ಎತ್ತಿಕೊಂಡ. 'ಹೆಚ್ಚುಕಡಿಮೆ'ಗೆ ಶೀರ್ಷಿಕೆಯಲ್ಲಿ ಜಾಗವಿರಲಿಲ್ಲ. ಮರುದಿನ ದಪ್ಪಕ್ಷರದಲ್ಲಿ ಬಂತು: "ಏಳು ವರ್ಷಗಳ ಶ್ರಮ: ಕೊನೆಗೂ ಶುದ್ಧ ಸಂಸ್ಕೃತಿ ಪತ್ತೆ!"

ಅಕ್ಕನ ಅತ್ತೆ ಭೂತಗನ್ನಡಿ ಹಿಡಿದು ಅದನ್ನು ಎರಡು ಸಲ ಓದಿದರು.

"ಅಲ್ವೇ, ಇದನ್ನ ಎಲ್ಲಿ ಇಟ್ಟಿದ್ದೀರಿ?"

"ಕಪಾಟಲ್ಲಿ, ಬಾಟಲಿಯೊಳಗೆ ಅತ್ತೆ."

"ಹೊರಗೆ ತೆಗೆದ್ರೆ?"

"ಗಾಳಿ ತಾಗಿದ್ರೆ ಸತ್ತೋಗುತ್ತೆ."

"ಹಂಗಾದ್ರೆ ಅದೇ ಇರಬೇಕು ಬಿಡು" ಎಂದು ಅತ್ತೆ ಪುಟ ತಿರುಗಿಸಿದರು.

ತಿದ್ದುಪಡಿ ಹಾಕಿಸಬಹುದಿತ್ತು. ಅಷ್ಟರಲ್ಲಿ ಅಭಿನಂದನೆಗಳು ಬರತೊಡಗಿದವು. ಹತ್ತು ವರ್ಷದಿಂದ ದೊಡ್ಡವರ ಫೋನ್ ಎತ್ತದಿದ್ದವರೆಲ್ಲ ಅವರ ಬೆನ್ನು ತಟ್ಟಿದರು. ಕೊನೆಗೆ ಸಂಸ್ಕೃತಿ ಇಲಾಖೆಯ ಹಿರಿಯ ಅಧಿಕಾರಿಯೊಬ್ಬರು ಶುಕ್ರವಾರ ಖುದ್ದು ಬಂದು ಫಲಕ ಕೊಡುತ್ತೇನೆಂದರು. ದೊಡ್ಡವರಿಗೆ ತಾವು ಕಂಡುಹಿಡಿದದ್ದು ಏನು ಎಂಬುದು ಆ ಕ್ಷಣವೇ ಮರೆತುಹೋಯಿತು.

೩

"ಶುಕ್ರವಾರದೊಳಗೆ ಅದನ್ನ ಶುದ್ಧ ಮಾಡಮ್ಮ" ಎಂದರು. "ಆ್ಯಂಟಿಬಯಾಟಿಕ್ ಹಾಕು. ಬ್ಯಾಕ್ಟೀರಿಯಾ ಹೋಗುತ್ತೆ, ನಮ್ಮದು ಉಳಿಯುತ್ತೆ."

"ಉಳಿಯಲ್ಲ ಸಾರ್. ಎರಡು ಸಲ ನೋಡಿದ್ವಲ್ಲ."

"ಸಾಯೋಕೆ ಎಷ್ಟು ದಿನ ಬೇಕು?"

"ಸತ್ತಿದೆ ಅಂತ ಗೊತ್ತಾಗೋಕೆ ಮೂರು ತಿಂಗಳು."

"ಅಂದ್ರೆ ಶುಕ್ರವಾರ ಇರುತ್ತೆ."

"ಇರುತ್ತೆ..."

"ಮತ್ತೇನು!"

ಅಕ್ಕನಿಗೆ ಮೈಯೆಲ್ಲ ಉರಿಯಿತು. "ಸಾರ್, ಎರಡೂ ಸೇರಿ ಬದುಕುತ್ತವೆ ಅನ್ನೋದೇ ನಾವು ಕಂಡುಹಿಡಿದಿದ್ದು. ಅದನ್ನೇ ಹೇಳಬಹುದಲ್ಲ?"

"ಯಾರಿಗೆ? ಸಂಸ್ಕೃತಿ ಇಲಾಖೆಯವರಿಗೆ ಕಲಬೆರಕೆ ಅಂತ ಹೇಳ್ಲಾ?" ದೊಡ್ಡವರು ಮೇಜಿನ ಮೇಲಿದ್ದ ಒಂದು ಕಾಗದವನ್ನು ನೇರ ಮಾಡಿ ಇಟ್ಟರು. ಅದು ಅವಳ ಕಾಂಟ್ರಾಕ್ಟು. ಸಹಿಯ ಜಾಗ ಖಾಲಿಯಿತ್ತು.

(ವಿಜ್ಞಾನದ ಒಂದು ಮಾತು. ಆ ಔಷಧಿ ಒಡೆಯುವುದು ಬ್ಯಾಕ್ಟೀರಿಯಾದ ಗೋಡೆಯನ್ನು. ಆರ್ಕಿಯಾದ ಹೊದಿಕೆ ಬೇರೆ ಥರದ್ದು, ಅದಕ್ಕೆ ಔಷಧಿ ತಾಗುವುದೂ ಇಲ್ಲ. ಅದು ಸಾಯುವುದು ಒಂಟಿತನದಿಂದ. ಈ ವಾಕ್ಯ ಬರೆದು ನನಗೇ ನಾಚಿಕೆಯಾಯಿತು. ಅದು ಸಾಯುವುದು ಹೈಡ್ರೋಜನ್ ತುಂಬಿಕೊಂಡು.)

ಅಂತ್ಯ, ಮೊದಲ ಕರಡು

ಅಕ್ಕ ಔಷಧಿ ಹಾಕುತ್ತಾಳೆ. ಮೂರು ತಿಂಗಳ ನಂತರ ಬಾಟಲಿ ತಿಳಿಯಾಗುತ್ತದೆ. ಅದನ್ನು ಎದೆಗವಚಿಕೊಂಡು ಬಿಕ್ಕಿ ಬಿಕ್ಕಿ ಅಳುತ್ತಾಳೆ. ಇಂಥದ್ದಕ್ಕೆ ಬಹುಮಾನ ಗ್ಯಾರಂಟಿ.

"ನಾನು ಅಳಲ್ಲ" ಎಂದಳು ಅಕ್ಕ. ನನ್ನ ಪಾತ್ರಗಳು ಹೀಗೆ ನಡುವೆ ಬಾಯಿ ಹಾಕುವುದು ಹೊಸದೇನಲ್ಲ. "ಕೈಗೆ ಗ್ಲೌಸ್ ಹಾಕಿರ್ತೀನಿ. ಮೂಗು ಒರೆಸೋರು ಯಾರು, ನೀವಾ?"

ಅಂತ್ಯ, ಎರಡನೆಯ ಕರಡು

ಸಮಾರಂಭದಲ್ಲಿ ಅಕ್ಕ ಮೈಕ್ ಹಿಡಿದು ಸತ್ಯ ಹೇಳುತ್ತಾಳೆ. ಸಭೆ ಸ್ತಬ್ಧವಾಗುತ್ತದೆ.

"ಮೈಕ್ ನನಗೆ ಯಾರು ಕೊಡ್ತಾರೆ ಸ್ವಾಮಿ? ನನ್ನನ್ನ ನಿಲ್ಲಿಸಿರೋದೇ ಹೂಗುಚ್ಛ ಎತ್ತಿಕೊಡೋಕೆ."

"ಹಾಗಾದರೆ ಒಂದು ಹನಿ ಕದ್ದು ಬೇರೆ ಬಾಟಲಿಯಲ್ಲಿ ಬಚ್ಚಿಡಿ" ಎಂದೆ.

"ಒಂದು ಹನಿಯಿಂದ ಶುರು ಮಾಡಿದ್ರೆ ಮತ್ತೆ ಏಳು ವರ್ಷ. ನನಗಿರೋದು ನಾಲ್ಕು. ಲೆಕ್ಕ ಬರಲ್ವಾ ನಿಮಗೆ?"

ಬರುವುದಿಲ್ಲ. ಬರುತ್ತಿದ್ದರೆ ನಾನೇಕೆ ಕಥೆ ಬರೆಯುತ್ತಿದ್ದೆ?

ಅಂತ್ಯ, ಮೂರನೆಯ ಕರಡು

ಸಿರಿಂಜಿನಲ್ಲಿ ಔಷಧಿಯ ಬದಲು ಬರೀ ನೀರು. ಎರಡಕ್ಕೂ ಬಣ್ಣವಿಲ್ಲ, ವಾಸನೆಯಿಲ್ಲ.

ಇದನ್ನು ಕೇಳಿ ಅಕ್ಕ ಎದ್ದಳು. ಕೈ ತೊಳೆಯಲು ಹೋದಳು.

೪

ಶುಕ್ರವಾರ ಬಂತು. ಅಧಿಕಾರಿಯೂ ಬಂದರು, ಜೊತೆಗೆ ಫಲಕ, ಇಬ್ಬರು ಫೋಟೋದವರು. ದೊಡ್ಡವರ ಹೊಸ ಕೋಟಿಗೆ ಬೆಲೆಚೀಟಿಯ ದಾರ ಇನ್ನೂ ಅಂಟಿಕೊಂಡಿತ್ತು. ಅಕ್ಕ ಅದನ್ನು ನೋಡಿದಳು. ಹೇಳಲಿಲ್ಲ.

ಅಧಿಕಾರಿ ಬಗ್ಗಿ ಬಾಟಲಿಯನ್ನು ದಿಟ್ಟಿಸಿದರು. "ಇದರಲ್ಲಿ ಏನೂ ಕಾಣ್ತಿಲ್ಲವಲ್ಲ?"

"ಅದೇ ಸಾರ್ ಶುದ್ಧತೆ" ಎಂದರು ದೊಡ್ಡವರು.

ಅಧಿಕಾರಿ ಎಲ್ಲ ಅರ್ಥವಾದವರಂತೆ ತಲೆದೂಗಿದರು. ಇಂಥ ತಲೆದೂಗುವಿಕೆಗೇ ಅವರನ್ನು ಆ ಹುದ್ದೆಗೆ ಏರಿಸಿದ್ದರೆಂದು ನನ್ನ ಅನುಮಾನ.

ಆಮೇಲೆ, ಫೋಟೋಕ್ಕೆಂದೇ ಅಂದಿನವರೆಗೆ ತಡೆದಿಟ್ಟಿದ್ದ ಶುದ್ಧೀಕರಣವನ್ನು ಕ್ಯಾಮೆರಾದ ಮುಂದೆಯೇ ಮಾಡಿಸುವುದೆಂದು ದೊಡ್ಡವರು ಘೋಷಿಸಿದರು. ಪಕ್ಕದ ಕೋಣೆಯಿಂದ ಅಕ್ಕ ಸಿರಿಂಜು ತುಂಬಿಕೊಂಡು ಬಂದಳು. ಆ ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ, ನಾನೂ ಕೂಡ. ನನ್ನದೇ ಕಥೆಯ ಬಾಗಿಲಿನಲ್ಲಿ ನನ್ನನ್ನು ತಡೆದು, "ಇಲ್ಲಿ ಹೊರಗಿನವರಿಗೆ ಪ್ರವೇಶವಿಲ್ಲ" ಎಂದಿದ್ದಳು.

ಬಿರಡೆಗೆ ಸೂಜಿ ಇಳಿಸುವ ಮುನ್ನ ಅವಳು ದೊಡ್ಡವರ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. ಏಳು ವರ್ಷದಲ್ಲಿ ಮೊದಲ ಸಲ. ಹೆದರಿಕೆಯಿಂದಲೋ ಸಿಟ್ಟಿನಿಂದಲೋ, ನೀವೇ ಊಹಿಸಿಕೊಳ್ಳಿ. ನಾನು ಎರಡೂ ಇತ್ತು ಅಂದುಕೊಂಡಿದ್ದೇನೆ. ಚಪ್ಪಾಳೆ ಬಿತ್ತು. ದೊಡ್ಡವರು ಫಲಕ ತೆಗೆದುಕೊಂಡರು. ಸಂಜೆ ಕಾಂಟ್ರಾಕ್ಟಿಗೆ ಸಹಿಯೂ ಬಿತ್ತು.

ಅಂತ್ಯ (ಇದು ಕರಡಲ್ಲ, ಆದರೆ ಅಂತ್ಯವೂ ಅಲ್ಲ)

ಸೋಮವಾರ ಕಥೆ ಕೊಡಬೇಕು. ಬಾಟಲಿ ಉತ್ತರ ಕೊಡುವುದು ಮೂರು ತಿಂಗಳಿಗೆ. ಸಂಪಾದಕರಿಗೆ ಫೋನ್ ಮಾಡಿ ಒಂದು ಆರ್ಕಿಯಾಕ್ಕಾಗಿ ಕಾಯುತ್ತೀರಾ ಎಂದೆ. ಅವರು ಹೇಳಿದ್ದನ್ನು ಇಲ್ಲಿ ಬರೆಯುವಂತಿಲ್ಲ.

ಹಾಗಾಗಿ ಅಕ್ಕನ ಬೆನ್ನು ಬಿದ್ದೆ. ಅವಳು ದಿನಚರಿ ಪುಸ್ತಕ ತೆರೆದಿದ್ದಳು. 'ಅರ್ಧ ಮಿಲಿಲೀಟರ್ ಸೇರಿಸಲಾಯಿತು' ಎಂದು ಬರೆದಿತ್ತು. 'ಏನನ್ನು' ಎಂಬ ಅಂಕಣದಲ್ಲಿ 'ಹೇಳಿದಂತೆ' ಎಂದಷ್ಟೇ ಇತ್ತು.

"ಸಿರಿಂಜಿನಲ್ಲಿ ಏನಿತ್ತು ಅಕ್ಕ? ನನಗಾದರೂ ಹೇಳಿ."

"ಹೇಳಿದ್ರೆ ಬರೀತೀರಿ. ಬರೆದ್ರೆ ದೊಡ್ಡವರು ಓದ್ತಾರೆ. ಅವರು ಓದೋದು ತಮ್ಮ ಹೆಸರು ಇರೋದನ್ನ ಮಾತ್ರ, ಆದ್ರೂ ಯಾಕೆ ಬೇಕು?"

"ನಾನು ಲೇಖಕ. ನೀರು ಅಂತ ನಾನೇ ಬರೆದುಬಿಡಬಲ್ಲೆ."

"ಬರೀರಿ. ದೊಡ್ಡವರೂ ಹಂಗೇ ತಮಗೆ ಬೇಕು ಅಂತ 'ಶುದ್ಧ' ಅಂದಿದ್ದು."

ಅವಳು ಇನ್‌ಕ್ಯುಬೇಟರಿನ ಬಾಗಿಲು ತೆರೆದು, ಬಾಟಲಿಯನ್ನು ಮುಟ್ಟದೆ ನೋಡಿ, ಮತ್ತೆ ಮುಚ್ಚಿದಳು.

"ಮೂರು ತಿಂಗಳು ಬಿಟ್ಟು ಬನ್ನಿ. ಬೆಳಕಿಗೆ ಹಿಡಿದು ತೋರಿಸ್ತೀನಿ. ಮಬ್ಬಾಗಿದ್ರೆ ನಾನು ಸುಳ್ಳಿ. ತಿಳಿಯಾಗಿದ್ರೆ ದೊಡ್ಡವರು ಶುದ್ಧ."