ಪತ್ರಿಕೆಯ ಚೆಲುವೆ ಕಸಿಮೀರಾ

ಕಸಿಮೀರಾಗೆ ಅರವತ್ತು ದಾಟಿತ್ತು, ಬಾಯಲ್ಲಿ ಉಳಿದದ್ದು ಮೂರೇ ಹಲ್ಲು. ಸೀಬೆಹಣ್ಣಿನ ಹಲ್ವದ ಡಬ್ಬಿಗಳಲ್ಲಿ ಚಳಿಜ್ವರದ ಔಷಧಿ ಬಚ್ಚಿಟ್ಟು ಬೆಟ್ಟದ ಬಂಡುಕೋರರಿಗೆ ಸಾಗಿಸುತ್ತಿದ್ದಳೆಂದು, ಕ್ಯೂಬಾವನ್ನು ಆಳುತ್ತಿದ್ದ ಸ್ಪೇನಿನವರು ಅವಳನ್ನು ಸಾಂತಿಯಾಗೋ ಜೈಲಿಗೆ ತಳ್ಳಿದ್ದರು. ಮುಂದಿನ ಹಡಗಿಗೆ ಆಫ್ರಿಕಾ ಕಡೆಯ ದ್ವೀಪಕ್ಕೆ ಗಡೀಪಾರು. ಹಾಗೆ ಹೋದವರು ತಿರುಗಿ ಬಂದದ್ದನ್ನು ಅವಳು ಕಂಡಿರಲಿಲ್ಲ. ಸತ್ತರೆ ಕ್ಯೂಬಾದ ಮಣ್ಣಲ್ಲೇ ಸಾಯಬೇಕು ಎನ್ನುವುದೊಂದೇ ಅವಳ ಹಟ.

ನ್ಯೂಯಾರ್ಕಿನ ಪತ್ರಿಕೆಯವನೊಬ್ಬ ಜೈಲಿನ ಗೋಡೆಯಾಚೆ ನಿಂತು ಅವಳ ಹಾಡು ಕೇಳಿದ. ದನಿ ಇನ್ನೂ ಎಳೆಯದೇ. ಕಾವಲುಗಾರನ ಕೈ ಬೆಚ್ಚಗೆ ಮಾಡಿ ಹೆಸರು ತಿಳಿದುಕೊಂಡ, ಮುಖ ನೋಡುವ ಗೋಜಿಗೇ ಹೋಗಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಬರೆದರೆ ಪತ್ರಿಕೆ ಕೊಳ್ಳುವವರು ಯಾರು? ‘ಹದಿನೆಂಟರ ಚೆಲುವೆ ಕಸಿಮೀರಾ! ಕಾಮುಕ ಜೈಲರನ ಬಲೆಯಲ್ಲಿ!’ ಎಂದು ಗೀಚಿ ಕಳಿಸಿದ. ಮುಖಪುಟದಲ್ಲಿ ಚೆಲುವೆಯ ಕಲ್ಪನೆಯ ಚಿತ್ರವೂ ಬಂತು. ಅಮೆರಿಕದ ಹೆಂಗಸರು ಕಣ್ಣೀರಿಟ್ಟರು, ಗಂಡಸರು ಯುದ್ಧ ಯುದ್ಧ ಎಂದು ಕೂಗಾಡಿದರು.

ಆ ಪತ್ರಿಕೆ ಹಡಗು ಹತ್ತಿ ಸಾಂತಿಯಾಗೋಗೂ ಬಂತು. ಜೈಲರ್ ರೊಬುಸ್ತಿಯಾನೋನ ಹೆಂಡತಿ ಪೆತ್ರೊನೀಲಾಗೆ ಇಂಗ್ಲಿಷ್ ಬಲ್ಲ ಗೆಳತಿಯೊಬ್ಬಳು ಉಪ್ಪು ಖಾರ ಹಚ್ಚಿ ಓದಿ ಹೇಳಿದಳು. ಪೆತ್ರೊನೀಲಾ ನೇರ ಜೈಲಿಗೇ ನುಗ್ಗಿದಳು.

“ಎಲ್ರೀ ಅವಳು, ನಿಮ್ಮ ಕಸಿಮೀರಾ?”

ಜೈಲರ್ ಬೆವರೊರೆಸಿಕೊಳ್ಳುತ್ತ ಮುದುಕಿಯನ್ನು ತರಿಸಿ ನಿಲ್ಲಿಸಿದ. “ಇವಳೇ ಕಣೇ! ನಿನ್ನಾಣೆ!”

“ನನ್ನ ಕಿವಿ ಮೇಲೆ ಹೂ ಇಡ್ತೀರಾ? ಯಾವುದೋ ಅಜ್ಜೀನ ತೋರಿಸಿ ಆ ಮಿಟುಕಲಾಡೀನ ಬಚ್ಚಿಟ್ಟಿದ್ದೀರಿ!”

ಕಾವಲುಗಾರರ ಹರಟೆಯಿಂದ ಕಸಿಮೀರಾಗೆ ವಿಷಯ ಮೊದಲೇ ಗೊತ್ತಿತ್ತು. ತಾನೇ ಕಸಿಮೀರಾ ಎಂದರೆ ಗಡೀಪಾರಿನ ಹಡಗು, ಅಲ್ಲವೆಂದರೆ ಮನೆ. ಗೊಳೋ ಎಂದು ಅತ್ತಳು.

“ಅಮ್ಮಾವ್ರೇ, ನಾನು ಹಲ್ವ ಮಾರೋ ಬಡವಿ. ‘ನೀನೇ ಕಸಿಮೀರಾ ಅನ್ನು’ ಅಂತ ಹಿಡ್ಕೊಂಡು ಬಂದಿದಾರೆ. ಆ ಹುಡುಗಿ ವಿಷ್ಯ ಮಾತ್ರ ಕೇಳ್ಬೇಡಿ, ಇರೋ ಮೂರು ಹಲ್ಲೂ ಉದುರಿಸ್ತಾರೆ!”

“ಸುಳ್ಳುಬುರುಕಿ!” ಜೈಲರ್ ಹಾರಾಡಿದ.

“ನೋಡಿದ್ರಾ ಅಮ್ಮಾವ್ರೇ, ಆಗ್ಲೇ ಶುರು ಹಚ್ಕೊಂಡ್ರು.”

“ಈ ಅಜ್ಜೀನ ಈಗ್ಲೇ ಮನೆಗೆ ಕಳಿಸಿ,” ಎಂದಳು ಪೆತ್ರೊನೀಲಾ. “ಇಲ್ಲಾಂದ್ರೆ ನಮ್ಮಪ್ಪನಿಗೆ ಬರೀತೀನಿ.”

ಅವಳಪ್ಪ ಮ್ಯಾಡ್ರಿಡ್‌ನಲ್ಲಿ ಜನರಲ್. ಅಳಿಯನ ನೌಕರಿ ಮಾವ ಕೊಡಿಸಿದ್ದು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರೆ. ಇಲ್ಲಿ ಕೂಸೇ ಗೆದ್ದುಬಿಟ್ಟಿತು. ಜೈಲಿನ ಬಾಗಿಲು ತೆರೆದಾಗ ಕಸಿಮೀರಾ ಬೀದಿಯಲ್ಲೇ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಸೀದಾ ಬೆಟ್ಟದ ದಾರಿ ಹಿಡಿದಳು.

‘ಕಸಿಮೀರಾ ಕಣ್ಮರೆ! ಕೊಲೆಯೇ?’ ಎಂದು ಪತ್ರಿಕೆ ಮತ್ತೆ ಬೊಬ್ಬೆ ಹಾಕಿತು. ಅಷ್ಟರಲ್ಲಿ ಹವಾನಾ ಬಂದರಿನಲ್ಲಿ ಅಮೆರಿಕದ ಹಡಗೊಂದು ಸಿಡಿಯಿತು. ಸ್ಪೇನಿನದೇ ಕೈವಾಡ ಎಂದು ಪತ್ರಿಕೆಗಳು ಆ ಬೆಂಕಿಗೂ ತುಪ್ಪ ಸುರಿದವು, ಯುದ್ಧ ಬಂದೇಬಿಟ್ಟಿತು. ಮೂರು ವರ್ಷದಿಂದ ಹೋರಾಡುತ್ತಿದ್ದ ಬಂಡುಕೋರರು ಒಂದು ಕಡೆ, ಹೊಸದಾಗಿ ಬಂದಿಳಿದ ಅಮೆರಿಕನ್ನರು ಒಂದು ಕಡೆ, ಸ್ಪೇನ್ ಸೋತಿತು. ಸಾಂತಿಯಾಗೋದಲ್ಲಿ ಅದರ ಬಾವುಟ ಇಳಿಯಿತು. ಆದರೆ ಮೇಲೇರಿದ್ದು ಕ್ಯೂಬಾದ್ದಲ್ಲ, ಅಮೆರಿಕದ್ದು. ಬಂಡುಕೋರರಿಗೆ ಊರೊಳಗೆ ಬರಲೂ ಅಪ್ಪಣೆ ಇರಲಿಲ್ಲ. ಕಸಿಮೀರಾ ಅಪ್ಪಣೆ ಕೇಳುವವಳೇ? ಹಲ್ವದ ಬುಟ್ಟಿ ಹೊತ್ತು ಚೌಕಕ್ಕೆ ಬಂದೇಬಂದಳು.

ಅಲ್ಲಿ ಅಮೆರಿಕದ ಸಿಪಾಯಿಯೊಬ್ಬ ಪತ್ರಿಕೆಯ ಚಿತ್ರ ಹಿಡಿದು ಅಡ್ಡ ನಿಂತ. ಜೊತೆಗಿದ್ದ ದುಭಾಷಿ ಕೇಳಿದ: “ಅಜ್ಜೀ, ಈ ಕಸಿಮೀರಾನ ಬಿಡಿಸೋಕಂತ್ಲೇ ಇವರು ಸಮುದ್ರ ದಾಟಿ ಬಂದಿದಾರೆ. ಎಲ್ಲಿದಾಳೆ ಗೊತ್ತಾ?”

ಅವಳು ಚಿತ್ರವನ್ನು ನೋಡಿದಳು, ತಲೆಯ ಮೇಲಿನ ಬಾವುಟವನ್ನೂ ನೋಡಿದಳು.

“ಅವಳು ಯಾವತ್ತೋ ತಾನಾಗೇ ಬಿಡಿಸ್ಕೊಂಡ್ಳಪ್ಪ,” ಎಂದಳು. “ಬಂದ ಕೆಲ್ಸ ಮುಗೀತು ಅನ್ನು ಇವ್ರಿಗೆ. ಮನೆಗೆ ಯಾವಾಗ ಹೊರಡ್ತಾರಂತೆ ಕೇಳು.”