ಉಸ್ತಾದರಿಗೊಂದಿಷ್ಟು ಜಾಗ

ಠಣ್ ಅಂತ ನೆಲಕ್ಕೆ ತಾಗಿದ ಸದ್ದು ಎಷ್ಟು ಚೊಕ್ಕವಾಗಿದೆ, ದುಂಡು ಕಬ್ಬಿಣದ ತಟ್ಟೆ, ಮೇಲೊಂದು ಕಂಬಿ, ಅಷ್ಟೇ, ಮೈಕ್ ಸ್ಟ್ಯಾಂಡ್ ಅಂದರೆ ಮೂರು ಕಾಲು ಚಾಚಿಕೊಂಡೇ ನಿಲ್ಲಬೇಕು ಅಂದುಕೊಂಡಿದ್ದೆ — ಸುಳ್ಳು, ಎಲ್ಲಿ ಅಂದುಕೊಂಡಿದ್ದೆ, ಕೈರೋದ ಅರ್ಧ ಮದುವೆಗಳಲ್ಲಿ ಹಾಡಿದವಳಿಗೆ ಇದು ಗೊತ್ತಿರುವುದಿಲ್ಲವೇ — ಉಸ್ತಾದ್ ಬಹ್ಗತ್ ನೆಲಕ್ಕೆ ಕೂತು ಆ ತಟ್ಟೆಗೆ ಗೇಣು ಹಾಕುತ್ತಿದ್ದಾರೆ, ಈ ವಯಸ್ಸಿನಲ್ಲಿ, ಇಸ್ತ್ರಿ ಮಾಡಿದ ಪ್ಯಾಂಟಿನಲ್ಲಿ, ಒಂದು ಗೇಣು ಮೇಲೆರಡು ಬೆರಳು, ನೋಡಿದೆಯಾ ಇನ್ಷಿರಾಹ್, ಆ ಮೂರು ಕಾಲಿಂದು ಇದರ ಮೂರರಷ್ಟು ಜಾಗ ತಿಂತಿತ್ತು, ಅಂತ ಕತ್ತೆತ್ತಿ ನಗುತ್ತಾರೆ, ನಾನೂ ನಗುತ್ತೇನೆ, ಥೂ ನನ್ನ ಮುಖಕ್ಕಿಷ್ಟು. ಅಂಗಡಿಯ ಸೊಬ್ಹಿ ಸ್ಟ್ಯಾಂಡಿನ ಬೆನ್ನು ತಟ್ಟುತ್ತಾನೆ, ಹೊಟ್ಟೆ ಇಲ್ಲದ ಗಂಡ ಇದ್ದ ಹಾಗೆ ಕಣಮ್ಮ ಇದು, ಮೂಲೇಲಿ ನಿಲ್ಲಿಸಿದರೆ ಮೂಲೇಲಿ ನಿಂತಿರುತ್ತೆ, ವೇದಿಕೆಗೂ ಆಯಿತು ಸ್ಟುಡಿಯೋಗೂ ಆಯಿತು, ಉಸ್ತಾದರು ಅವನ ಮಾತು ನಂಬದೆ ಕಂಬಿಯನ್ನು ಬೆರಳಿಂದ ತಳ್ಳಿ ನೋಡುತ್ತಾರೆ, ಅಲ್ಲಾಡುತ್ತದಾ, ಅಲ್ಲಾಡುವುದಿಲ್ಲ, ನಾನು ಅಲ್ಲಾಡುತ್ತಿದ್ದೇನೆ.

ಜಾಗ ಇಲ್ಲ ಉಸ್ತಾದ್, ಅಂತ ಹೇಳಿದ್ದು ಈ ಬಾಯೇ, ಗುರುವಾರ ಮಧ್ಯಾಹ್ನ, ನೈಲ್ ಮೇಲಿನ ದೋಣಿ ಹೋಟೆಲಿನಲ್ಲಿ ತಾಲೀಮು ಮುಗಿದಾಗ, ವೇದಿಕೆ ಅಂಗೈಯಗಲ, ಅದೊಂದು ನಿಜ, ಮೈಕಿನ ಕಾಲು ಅಡ್ಡಡ್ಡ ಬರುತ್ತೆ, ನಿಮ್ಮ ಖಾನೂನ್ ಬೇರೆ, ಮಡಿಲ ತುಂಬ ಹಲಗೆ, ಹಲಗೆ ತುಂಬ ತಂತಿ, ಇನ್ನು ಮೇಲೆ ನೀವು ಮನೇಲಿ ಆರಾಮಾಗಿರಿ ಅಂದೆ, ಅವರು ಬೆರಳಿಗೆ ಕಟ್ಟಿದ ಮೀಟುಗೋಲು ಬಿಚ್ಚುತ್ತಾ ಹೌದಾ, ಸ್ಟ್ಯಾಂಡಿನ ಕಾಲಾ, ಅಂದರು, ನಾನು ಹೌದು ಅಂದೆ, ಮುಗಿಯಿತು ಅಂದುಕೊಂಡೆ, ಸದ್ಯ ಅಳಲಿಲ್ಲವಲ್ಲ ಅಂತ ಚಹಾ ಬೇರೆ ಕುಡಿದೆ. ಇವತ್ತು ಬೆಳಗ್ಗೆ ಅವರದೇ ಫೋನು, ಮಗಳೇ ಹೊರಡು, ಮುಹಮ್ಮದ್ ಅಲಿ ಬೀದೀಲಿ ಸೊಬ್ಹಿ ಹತ್ರ ಜಾಗ ಹಿಡಿಯದೆ ಇರೋ ಸ್ಟ್ಯಾಂಡ್ ಬಂದಿದೆಯಂತೆ, ನಿನ್ನ ತೊಂದರೆ ತೀರಿತು. ನನ್ನ ತೊಂದರೆ! ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಇವರು ಪುಣ್ಯಾತ್ಮರು ಆ ನೆಲವನ್ನೇ ಸರಿ ಮಾಡಿಸಲು ಕರೆದುಕೊಂಡು ಬಂದಿದ್ದಾರೆ. ಈಚೆಗೆ ಮೇಲಿನ ಸ್ವರಕ್ಕೆ ಹೋದಾಗ ನನ್ನ ಗಂಟಲು ಒಂದು ಕೂದಲೆಳೆಯಷ್ಟು ಕೆಳಗೆ ಜಾರುತ್ತದೆ, ಊಟ ಮಾಡುವ ಜನಕ್ಕೆ ಎಲ್ಲಿ ಗೊತ್ತಾಗಬೇಕು, ಉಸ್ತಾದರಿಗೆ ಗೊತ್ತಾಗುತ್ತದೆ, ಆ ಕ್ಷಣವೇ ಸರಿಯಾದ ಸ್ವರವನ್ನು ಮೆಲ್ಲಗೆ ಮೀಟಿ ಕೊಡುತ್ತಾರೆ, ಎಡವಿದ ಮಗುವಿಗೆ ಕೈ ಕೊಟ್ಟ ಹಾಗೆ, ನಾನು ಅದನ್ನು ಹಿಡಿದು ಮೇಲೆ ಹತ್ತುತ್ತೇನೆ, ಜನ ವಾಹ್ ಅನ್ನುತ್ತಾರೆ, ಒಂದು ದಿನವೂ ಅವರು ಅದರ ಮಾತೆತ್ತಿಲ್ಲ, ಎತ್ತಿದ್ದರೆ ಜಗಳವಾಡಿಯಾದರೂ ಬಿಡಿಸಿಕೊಳ್ಳುತ್ತಿದ್ದೆ, ಆ ಮೆಲ್ಲನೆಯ ಸ್ವರವನ್ನು ಮಾತ್ರ ನನ್ನಿಂದ ತಡೆಯಲಾಗುವುದಿಲ್ಲ, ಅದು ಕೇಳಿದಾಗಲೆಲ್ಲ ಕಿವಿ ಸುಡುತ್ತದೆ. ಕೀಬೋರ್ಡಿನ ವಾಇಲ್ ಇದ್ದರೆ ಸಾಕು, ನಾನು ಹೇಗೆ ಹಾಡಿದರೂ ತಲೆ ತೂಗುತ್ತಾನೆ.

ಸೊಬ್ಹಿ, ಸ್ಟುಡಿಯೋದಲ್ಲಿ ಇದರ ಪಕ್ಕ ಒಬ್ಬರು ಕೂರಬಹುದಲ್ಲವಾ, ಅಂತ ಉಸ್ತಾದರು ಕೇಳುತ್ತಿದ್ದಾರೆ, ಆ ರೂಮು ಬಟ್ಟೆ ಬೀರುವಿನಷ್ಟಿದೆ ನೋಡು, ಮುಂದಿನ ವಾರ ಇವಳ ಹೊಸ ಹಾಡು, ಸೊಬ್ಹಿ ನನ್ನ ಕಡೆ ನೋಡುತ್ತಾನೆ, ಅವನಿಗೆ ಗೊತ್ತು, ಹಾಡಿನಲ್ಲಿ ಖಾನೂನ್ ಇಲ್ಲ ಅಂತ ವಾಇಲ್ ಬೀದಿಗೆಲ್ಲ ಹೇಳಿದ್ದಾನೆ, ಸೊಬ್ಹಿ ಕಣ್ಣು ತಗ್ಗಿಸಿ ಸ್ಟ್ಯಾಂಡನ್ನು ಒರೆಸತೊಡಗುತ್ತಾನೆ, ಒರೆಸಿದ್ದನ್ನೇ ಒರೆಸುತ್ತಾನೆ, ಹೇಳಿಬಿಡೇ ಈಗಲಾದರೂ, ಜಾಗದ ಮಾತಲ್ಲ ಉಸ್ತಾದ್, ನನ್ನ ಗಂಟಲಿನ ಮಾತು, ನನ್ನ ಸೊಕ್ಕಿನ ಮಾತು ಅಂತ, ಬಾಯಿ ತೆರೆದೆ, ಬಂದದ್ದು ಏನು, ಕುರ್ಚಿ ಉಸ್ತಾದ್, ನಿಮ್ಮ ಕುರ್ಚಿಯೂ ದೊಡ್ಡದಾಗುತ್ತಲ್ಲ. ಅಯ್ಯೋ ನನ್ನ ನಾಲಿಗೆಗೆ ಹುಳ ಬೀಳ. ಅವರು ಒಂದು ಗಳಿಗೆ ನನ್ನನ್ನೇ ನೋಡಿದರು, ಕೋಪವೇ ಬರಲಿಲ್ಲ, ಬರಬಾರದೇ ಒಂದು ಸಲ, ಸೊಬ್ಹಿಯ ಗಲ್ಲಾದ ಹಿಂದಿನ ಸ್ಟೂಲು ಎಳೆದು ತಂದು ಸ್ಟ್ಯಾಂಡಿನ ಪಕ್ಕ ಹಾಕಿ ಕೂತರು, ಮಂಡಿಗೆ ಮಂಡಿ ಜೋಡಿಸಿ, ಮೊಣಕೈ ಎರಡೂ ಪಕ್ಕೆಗೆ ಒತ್ತಿ, ಬೂಟು ಎರಡನ್ನೂ ಸ್ಟೂಲಿನ ಕೆಳಗೆ ಎಳೆದುಕೊಂಡು, ಇಲ್ಲದ ಖಾನೂನ್ ಮಡಿಲಲ್ಲಿಟ್ಟುಕೊಂಡು, ಇಷ್ಟೇ ಮಗಳೇ, ಇಷ್ಟರಲ್ಲಿ ನುಡಿಸ್ತೀನಿ, ಅಂದರು, ಇಡೀ ಕೈರೋದ ಹಾಡುಗಾರರನ್ನು ತಮ್ಮ ಶ್ರುತಿಗೆ ಕಾಯಿಸಿದ ಮನುಷ್ಯ, ಮಂಡಿಗೆ ಮಂಡಿ ಜೋಡಿಸಿ, ನಾನು ಸುಮ್ಮನಿದ್ದೇನೆ, ಸುಮ್ಮನಿರುವುದನ್ನೂ ಅವರು ಇನ್ನೂ ಸಾಲದು ಅಂತ ತಿಳಿದುಕೊಂಡರು, ಭುಜ ಒಳಕ್ಕೆ ಎಳೆದುಕೊಂಡರು, ಸ್ಟೂಲಿನ ತುದಿಗೆ ಬಂದರು, ಇನ್ನೂ ಸರೀಲಾ ಮಗಳೇ, ಅಂದರು, ಮಾತಾಡೇ ಇನ್ಷಿರಾಹ್, ಒಂದು ಮಾತು, ಇಷ್ಟು ದೊಡ್ಡ ಗಂಟಲು ನಿನ್ನದು — ಮಂಡಿಗೆ ಮಂಡಿ, ಪಕ್ಕೆಗೆ ಒತ್ತಿದ ಮೊಣಕೈ, ಇನ್ನೂ ಸರೀಲಾ — ಬೂಟುಗಳು ಇನ್ನಷ್ಟು ಕೆಳಕ್ಕೆ, ಒಂದರ ಮೇಲೊಂದು — ಮಂಡಿಗೆ ಮಂಡಿ —